ಒಗ್ಗರಣೆಯಿಲ್ಲದ ನಲವತ್ತು ದಿನ

ಸಾಸಿವೆ ಸಿಡಿದರೆ ನನಗೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಎಣ್ಣೆ ಕಾದು, ಸಾಸಿವೆ ಚಟಪಟ ಎಂದು, ಹಿಂದೆಯೇ ಕರಿಬೇವು ಬಿದ್ದು ಘಮ್ಮೆನ್ನುವಷ್ಟರಲ್ಲಿ ನಾನು ತಿರುಗಿ ಬೆನ್ನ ಹಿಂದೆ ನೋಡುತ್ತೇನೆ. ಅಲ್ಲಿರುವುದು ನೀರಿನ ಫಿಲ್ಟರು, ಗೋಡೆಗೆ ತಗುಲಿಸಿದ ಕ್ಯಾಲೆಂಡರು, ಅಷ್ಟೇ. ನನ್ನ ಮಗಳು ಇದನ್ನು ನೋಡಿ ನೋಡಿ ಬೇಸತ್ತು ಈಗ ಕೇಳುವುದನ್ನೇ ಬಿಟ್ಟಿದ್ದಾಳೆ. ನಾನು ನೋಡುವುದು ಒಂದು ಬಾಗಿಲನ್ನು. ಗೋಣಿತಾಟನ್ನು ಪರದೆಯಾಗಿ ಇಳಿಬಿಟ್ಟಿದ್ದ, ಅದರಾಚೆ ರೇಷ್ಮೆಹುಳುಗಳು ಸೊಪ್ಪು ಮೇಯುತ್ತಿದ್ದ, ಯಾವ ಗಳಿಗೆಯಲ್ಲಾದರೂ ಅಜ್ಜಿ ತಲೆ ಹೊರಹಾಕಿ "ಯಾರಮ್ಮಿ ಅದು ಒಗ್ಗರಣೆ ಆಕ್ದೋಳು?" ಎಂದು ಗದರಬಹುದಾಗಿದ್ದ ಬಾಗಿಲು. ಆ ಬಾಗಿಲೂ ಇಲ್ಲ, ಆ ಮನೆಯೂ ಇಲ್ಲ, ಅಜ್ಜಿಯಂತೂ ಯಾವತ್ತೋ ಹೋದಳು. ಹೆದರಿಕೆ ಮಾತ್ರ ನನ್ನ ಜೊತೆ ಊರಿಂದೂರಿಗೆ ಬಂದು ನನ್ನ ಅಡುಗೆಮನೆಯಲ್ಲೇ ಉಳಿದುಕೊಂಡಿದೆ.

ನಮ್ಮ ಊರು ಹನೂರಿನಿಂದ ಬಂಡಳ್ಳಿಗೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಸ್ವಲ್ಪ ಒಳಗೆ. ಕೊಳ್ಳೇಗಾಲದ ಸೀಮೆ ಮದರಾಸಿನಿಂದ ಬಿಡಿಸಿಕೊಂಡು ಮೈಸೂರಿಗೆ ಸೇರಿ ಆಗ ಎರಡು ವರ್ಷವಾಗಿತ್ತೋ ಮೂರೋ. ನಮ್ಮ ಮೇಷ್ಟರು ಭೂಪಟದ ಮೇಲೆ ಕೋಲನ್ನು ಹಳೆಯ ಅಭ್ಯಾಸದಿಂದ ಮದರಾಸಿನ ಕಡೆಗೇ ಇಟ್ಟು, ನಾಲಿಗೆ ಕಚ್ಚಿಕೊಂಡು, ಈಚೆಗೆ ಎಳೆಯುತ್ತಿದ್ದರು. ನನಗೆ ಒಂಬತ್ತು ವರ್ಷ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಮ್ಮನಾದ ಚಿಕ್ಕಪ್ಪ, ಅವನ ಹೆಂಡತಿ ಚಿಕ್ಕವ್ವ, ನಮ್ಮೆಲ್ಲರ ಮೇಲೆ ಅಜ್ಜಿ. ಅಜ್ಜಿಯ ಮೇಲೆ ಹುಳು. ನಡುಮನೆಯ ಪಕ್ಕದ ದೊಡ್ಡ ಕೋಣೆ ಹುಳುವಿನದು, ಉಳಿದದ್ದರಲ್ಲಿ ನಾವು ಹೊಂದಿಕೊಂಡಿದ್ದೆವು. ಕೋಣೆಯ ಮೂಡಲ ಗೋಡೆಗೊಂದು, ಪಡುವಲ ಗೋಡೆಗೊಂದು ಬಿದಿರಿನ ಅಟ್ಟಣೆ; ಅದರಲ್ಲಿ ಸಾಲುಸಾಲಾಗಿ ತಟ್ಟೆಗಳು. ಇರುವೆ ಹತ್ತದಂತೆ ಅಟ್ಟಣೆಯ ಕಾಲುಗಳನ್ನು ನೀರು ತುಂಬಿದ ಬೋಗುಣಿಗಳಲ್ಲಿ ನಿಲ್ಲಿಸಿರುತ್ತಿದ್ದರು. ಮೂಡಲ ಕಡೆಯ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುವುದು ಅಜ್ಜಿ, ಪಡುವಲ ಕಡೆಯವಕ್ಕೆ ಅವ್ವ. ಹುಳು ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿಕೊಂಡು ಅಲುಗಾಡದೆ ಮಲಗಿ ಪೊರೆ ಕಳಚುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಮೊಟ್ಟೆಯೊಡೆದು, ನಾಲ್ಕು ಜ್ವರ ದಾಟಿ, ಗೂಡು ಕಟ್ಟಿ, ಆ ಗೂಡನ್ನು ಬಿಡಿಸುವವರೆಗೆ ಹೆಚ್ಚುಕಮ್ಮಿ ನಲವತ್ತು ದಿನ; ಅದೇ ಒಂದು ಬೆಳೆ. ಆ ನಲವತ್ತು ದಿನ ಮನೆಯಲ್ಲಿ ಯಾವ ಘಾಟೂ, ಯಾವ ಘಮವೂ ಏಳಬಾರದು. ಹುಳುವಿಗೆ ಆಗದು ಎಂದು ಅಜ್ಜಿಯ ಕಾನೂನು.

ಇದೇನು ಮಹಾ ಎಂದು ನಿಮಗೆ ಅನ್ನಿಸಬಹುದು. ನಲವತ್ತು ದಿನ ಒಗ್ಗರಣೆಯಿಲ್ಲದ ಸಾರು ಉಂಡವರನ್ನು ಕೇಳಿ ನೋಡಿ. ಉಪ್ಪು ಇರುತ್ತದೆ, ಖಾರ ಇರುತ್ತದೆ, ಹುಳಿಯೂ ಇರುತ್ತದೆ. ಆದರೂ ಯಾರೋ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಎದ್ದುಹೋದ ಹಾಗೆ ಇರುತ್ತದೆ. ಮೆಣಸಿನಕಾಯಿ ಹುರಿಯುವಂತಿಲ್ಲ, ಬೆಳ್ಳುಳ್ಳಿ ಸುಡುವಂತಿಲ್ಲ. ತಲೆಗೆ ಹೂವಿಲ್ಲ. ನಮ್ಮ ಬೇಲಿಯ ಮಲ್ಲಿಗೆ ಬಿರಿದು ಬಿರಿದು ಅಲ್ಲೇ ಉದುರುತ್ತಿತ್ತು, ನಾನು ಅದನ್ನು ನೋಡಿಕೊಂಡು ಬೋಳು ಜಡೆಯಲ್ಲಿ ಸ್ಕೂಲಿಗೆ ಹೋಗುತ್ತಿದ್ದೆ. ದೇವರಿಗೆ ಊದುಬತ್ತಿ ಇಲ್ಲ, ಸಾಂಬ್ರಾಣಿ ಇಲ್ಲ. ದೇವರೂ ನಮ್ಮಂತೆಯೇ ಸಪ್ಪಗೆ ಕೂತಿರುತ್ತಿದ್ದ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪರಸೆಯವರು ನೀರು ಕೇಳಿಕೊಂಡು ಬಾಗಿಲಿಗೆ ಬಂದರೆ, ಅವರ ಮೈಗಂಟಿದ ಧೂಪದ ವಾಸನೆಗೆ ಹೆದರಿ ಅವ್ವ ಕೊಡವನ್ನೇ ಬೀದಿಗೆ ಹೊತ್ತುಕೊಂಡು ಹೋಗಿ ಬೊಗಸೆಗೆ ಸುರಿಯುತ್ತಿದ್ದಳು. "ಒಳಕ್ಕೆ ಕರೀಬಾರ್ದಾ ತಾಯಿ?" ಎಂದು ಅವರು ಕೇಳಿದಾಗ ಅವ್ವನ ಮುಖ ಚಿಕ್ಕದಾಗುತ್ತಿತ್ತು.

ಯಾರೂ ಎದುರಾಡದಿದ್ದುದಕ್ಕೆ ಕಾರಣವಿತ್ತು. ಅಜ್ಜಿ ಎಲ್ಲರಿಗಿಂತ ದೊಡ್ಡದನ್ನು ತಾನೇ ಬಿಡುತ್ತಿದ್ದಳು. ಹೊಗೆಸೊಪ್ಪು ಅವಳ ಪ್ರಾಣ. ಬೆಳಗ್ಗೆ ಮುಖ ತೊಳೆದ ಮೇಲೆ ಎಡದವಡೆಗೆ ಸೇರಿದ ಎಲೆ, ಅಡಿಕೆ, ಹೊಗೆಸೊಪ್ಪಿನ ಉಂಡೆ ಮಲಗುವವರೆಗೆ ಒಂದಲ್ಲ ಒಂದು ರೂಪದಲ್ಲಿ ಅಲ್ಲೇ ಇರುತ್ತಿತ್ತು. ಆದರೆ ಮೊಟ್ಟೆಯೊಡೆದ ದಿನ ಅವಳು ಸೊಂಟದಲ್ಲಿ ಸಿಕ್ಕಿಸಿದ್ದ ಎಲೆಅಡಿಕೆಯ ಸಂಚಿಯನ್ನು ತೆಗೆದು ಕೊಟ್ಟಿಗೆಯ ಗೂಟಕ್ಕೆ ತೂಗುಹಾಕುವಳು. ಗೂಡು ಬಿಡಿಸಿದ ಮೇಲೇ ಅದು ಕೆಳಗಿಳಿಯುವುದು. ನಡುವಿನ ದಿನಗಳಲ್ಲಿ ಅವಳ ಬಲಗೈ ಮಾತಿನ ಮಧ್ಯೆ, ಕೆಲಸದ ಮಧ್ಯೆ, ತನ್ನಷ್ಟಕ್ಕೆ ತಾನು ಸೊಂಟಕ್ಕೆ ಹೋಗಿ, ಏನೂ ಸಿಗದೆ ವಾಪಸು ಬರುತ್ತಿತ್ತು. ಆ ಕೈಯ ಚಡಪಡಿಕೆ ಮನೆಗೆಲ್ಲ ಹರಡುತ್ತಿತ್ತು. ಅಜ್ಜಿ ಅಪ್ಪನ ಮೇಲೆ ರೇಗಿದರೆ, ಅಪ್ಪ ಅವ್ವನ ಮೇಲೆ, ಅವ್ವ ನನ್ನ ಮೇಲೆ, ನಾನು ಕರುವಿನ ಮೇಲೆ. ರಾಗಿ ಕಣದಲ್ಲಿ ಸುಂಕಿನ ದೂಳು ಮೆತ್ತಿಕೊಂಡ ಮೈಯಂತೆ ಮನೆಗೆ ಮನೆಯೇ ತುರಿಸಿಕೊಳ್ಳುತ್ತಿತ್ತು.

ಇಂಥ ಮನೆಗೆ ಚಿಕ್ಕವ್ವ ಬಂದದ್ದು ಯಳಂದೂರಿನಿಂದ. ಹೆಸರು ಮಂಗಳಮ್ಮ. ಯಳಂದೂರು ನೀರು ಕಂಡ ಊರು, ಗದ್ದೆಯ ಊರು. ಹುಳು ಮೇಯಿಸುವುದು ಅವಳ ತವರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳಿಗೆ ಕೂತಲ್ಲಿ ಕೂರಲು ಬರುತ್ತಿರಲಿಲ್ಲ. ಸೊಪ್ಪು ಹೆಚ್ಚುತ್ತಲೇ ಎದ್ದುಹೋಗಿ ಆಕಾಶ ನೋಡಿ ಬರುವಳು. ದೇವರು ಅವಳಿಗೆ ಎಲ್ಲರಿಗೂ ಕೊಡುವ ಮೂಗನ್ನು ಕೊಟ್ಟಿರಲಿಲ್ಲ. ಅಪ್ಪ ಇನ್ನೂ ಹೊರಗೆ ಹಟ್ಟಿಯಂಗಳದಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಅವಳು ಒಲೆಯ ಮುಂದೆ ಕೂತು, "ಭಾವ ಬಂದ್ರು. ಕೊಳ್ಳೇಗಾಲ್ದಲ್ಲಿ ಬೋಂಡ ತಿಂದವ್ರೆ" ಎನ್ನುವಳು. ಅವ್ವ ನಗು ತಡೆಯಲಾರದೆ ಸೆರಗು ಬಾಯಿಗಿಡುತ್ತಿದ್ದಳು. ಚಿಕ್ಕವ್ವನದೂ ನನ್ನದೂ ಒಂದು ಆಟವಿತ್ತು. ಮಧ್ಯಾಹ್ನ ಬಾವಿಕಟ್ಟೆಯ ಮೇಲೆ ಕೂತು ಅವಳು ತನ್ನ ಸೆರಗನ್ನೇ ನನ್ನ ಕಣ್ಣಿಗೆ ಕಟ್ಟಿ, ಒಂದೊಂದೇ ವಸ್ತುವನ್ನು ಮೂಗಿನ ಹತ್ತಿರ ಹಿಡಿಯುವಳು: ಹುಣಿಸೆ ಚಿಗುರು, ಎಮ್ಮೆಯ ಕೊರಳಿನ ಹಗ್ಗ, ನನ್ನದೇ ಹೊಸ ಪಾಠದ ಪುಸ್ತಕ, ನೀರು ಚಿಮುಕಿಸಿದ ಹೆಂಚಿನ ಚೂರು. ನಾನು ಹತ್ತರಲ್ಲಿ ಆರು ಹೇಳಿದರೆ ಹೆಚ್ಚು. ನನ್ನ ಸರದಿ ಬಂದು ಅವಳ ಕಣ್ಣು ಕಟ್ಟಿದರೆ ಅವಳು ಒಮ್ಮೆಯೂ ಸೋತದ್ದಿಲ್ಲ. ಬರಿಗೈ ಹಿಡಿದರೂ, "ಇದು ನಿನ್ ಕೈಯಿ. ಬೆಲ್ಲದ ಗಡಿಗೆಗೆ ಆಕಿದ್ದೀಯ" ಎಂದು ನನ್ನ ಕಳ್ಳತನವನ್ನು ಹೇಳಿಬಿಡುವಳು. ವಾಸನೆಯಿಲ್ಲದ ಮನೆಗೆ ಇಂಥವಳನ್ನು ತಂದುಹಾಕಿದ್ದರು.

ಅವಳಿಗೆ ಆಗಾಗ ಹೊಸ ಹುಚ್ಚುಗಳು ಹಿಡಿಯುತ್ತಿದ್ದವು. ಮೊದಲು ಕೊಕ್ಕೆಕಡ್ಡಿ. ಬಿಳಿ ನೂಲಿನಲ್ಲಿ ಲೇಸು ಹೆಣೆದು ನನ್ನ ಲಂಗಕ್ಕೆ, ದಿಂಬಿಗೆ, ಕೊನೆಗೆ ಹಸುವಿನ ಹಣೆಪಟ್ಟಿಗೂ ಹಚ್ಚಿದಳು. ಅದು ಹಳತಾದ ಮೇಲೆ ಮುಖಕ್ಕೆ ಹಚ್ಚುವ ಸ್ನೋ. ಚಿಕ್ಕಪ್ಪನಿಂದ ತರಿಸಿದ ಆ ಗಾಜಿನ ಭರಣಿಯನ್ನು ಬೆಳೆ ಮುಗಿಯುವವರೆಗೆ ತೆರೆಯುವಂತಿಲ್ಲ. ಮುಚ್ಚಳದ ಹೊರಗಿನಿಂದಲೇ ನಾವಿಬ್ಬರೂ ಸರದಿಯ ಮೇಲೆ ಮೂಸಿ ಇಡುತ್ತಿದ್ದೆವು. ಆಮೇಲೆ ಬಂದದ್ದು ಕಾಫಿ, ಅದು ಬಂದದ್ದು ಹೋಗಲಿಲ್ಲ. ಅವಳ ಅಣ್ಣ ಬಿಳಿಗಿರಿರಂಗನ ಬೆಟ್ಟದ ತೋಟವೊಂದರಲ್ಲಿ ಮೇಸ್ತ್ರಿಯಾಗಿದ್ದ. ಅವನು ಬಟ್ಟೆಯ ಗಂಟಿನಲ್ಲಿ ಹಸಿ ಬೀಜ ಕಳಿಸಿಕೊಟ್ಟ. ಮನೆಯಲ್ಲಿ ಹುರಿಯುವ ಮಾತೇ ಇಲ್ಲವಾದ್ದರಿಂದ ಹೊಲದ ಬಾವಿಯ ಹತ್ತಿರ ಮೂರು ಕಲ್ಲಿಟ್ಟು, ಒಡೆದ ಮಡಕೆಯ ಓಡಿನಲ್ಲಿ ಹುರಿಯುವುದು. ನಾನು ಊದುವವಳು, ಅವಳು ಕೈಯಾಡಿಸುವವಳು. ಬೀಜ ಹಳದಿ ತಿರುಗಿ, ಕಂದಾಗಿ, ಚಿಟ್ ಎಂದು ಸಿಡಿಯತೊಡಗಿದಾಗ ಅವಳು ಕಣ್ಣು ಮುಚ್ಚಿಕೊಂಡು ನಿಂತುಬಿಡುತ್ತಿದ್ದಳು. ಅವಳು ಅಷ್ಟು ಅಲ್ಲಾಡದೆ ನಿಂತದ್ದನ್ನು ನಾನು ಬೇರೆಲ್ಲೂ ನೋಡಲಿಲ್ಲ.

ಮೊದಲ ಸಲ ಪುಡಿ ಮಾಡಿದ್ದು ರಾಗಿ ಬೀಸುವ ಕಲ್ಲಿನಲ್ಲಿ. ಮೂರು ದಿನ ನಮ್ಮ ಮುದ್ದೆ ಕಾಫಿ ನಾತ ಹೊಡೆಯಿತು. ಅಪ್ಪ ಎರಡು ದಿನ ಸುಮ್ಮನೆ ನುಂಗಿ ಮೂರನೆಯ ದಿನ, "ರಾಗಿಗೇನ್ ಬಂತು ರೋಗ?" ಎಂದು ತಟ್ಟೆ ಸರಿಸಿದ. ಚಿಕ್ಕಪ್ಪ ಮರುವಾರ ಕೊಳ್ಳೇಗಾಲದಿಂದ ಮರದ ಡಬ್ಬಿಯ ಮೇಲೆ ಕಬ್ಬಿಣದ ಹಿಡಿಯಿದ್ದ ಪುಟ್ಟ ಕಾಫಿ ಮಿಲ್ಲು ತಂದುಕೊಟ್ಟ. ಅದರ ಅಡಿಯಲ್ಲೊಂದು ಸಣ್ಣ ಸೆಳೆಖಾನೆ, ಹಿಡಿ ತಿರುಗಿಸಿದರೆ ಪುಡಿ ಅದಕ್ಕೆ ಬೀಳುವುದು. ಅದನ್ನು ತಿರುಗಿಸುವ ಆಸೆಗೆ ನಾನು ಸ್ಕೂಲಿನಿಂದ ಓಡಿ ಬರುತ್ತಿದ್ದೆ. ಒಂದು ದಿನ, ಹುಳುವಿಲ್ಲದ ಬಿಡುವಿನಲ್ಲಿ, ಚಿಕ್ಕವ್ವ ಅಜ್ಜಿಯ ಮುಂದೆ ಅರ್ಧ ಲೋಟ ಕಾಫಿ ಇಟ್ಟಳು. "ಥೂ, ಕಯ್ಯಿ. ದುಡ್ಡು ಕೊಟ್ಟು ಕಷಾಯ ಕುಡೀತೀರಲ್ಲ" ಎಂದು ಬೈಯುತ್ತಲೇ ಅಜ್ಜಿ ಅದನ್ನು ಮುಗಿಸಿ, ಲೋಟದ ತಳವನ್ನೂ ಒಮ್ಮೆ ನೋಡಿದಳು. ಆಮೇಲೆ ಬಿಡುವಿನ ದಿನಗಳಲ್ಲೆಲ್ಲ ಅವಳಿಗೆ ಅರ್ಧ ಲೋಟ ಹೋಗುತ್ತಿತ್ತು. ಪ್ರತಿ ಸಲವೂ ಬೈದೇ ಕುಡಿಯುತ್ತಿದ್ದಳು. ಅವರಿಬ್ಬರೂ ಎಷ್ಟು ಚೆನ್ನಾಗಿದ್ದರು ಎನ್ನುವುದು ನನಗೆ ಆಗ ಗೊತ್ತಾಗಲಿಲ್ಲ, ಈಗ ನೆನೆದರೆ ಸಂಕಟವಾಗುತ್ತದೆ.

ಆಮೇಲೆ ಬಂದ ಒಂದು ಬೆಳೆಯಲ್ಲಿ ಹುಳು ನಾಲ್ಕನೆಯ ಜ್ವರದಿಂದ ಎದ್ದಿತ್ತು. ಅಲ್ಲಿಂದ ಮುಂದಿನ ಏಳೆಂಟು ದಿನ ಅದು ತಿನ್ನುವುದೇ ತಿನ್ನುವುದು; ಎಷ್ಟು ಸೊಪ್ಪು ತಂದರೂ ಸಾಲದು. ಕೋಣೆಯ ಹೊರಗೆ ನಿಂತರೆ ಒಳಗೆ ಯಾರೋ ಬಿಡದೆ ಕಾಗದ ಹರಿಯುತ್ತಿರುವಂಥ ಸದ್ದು. ಎಲ್ಲರ ಕಣ್ಣೂ ಕೆಂಪಾಗಿದ್ದವು. ಅಂದು ಸ್ಕೂಲಿಗೆ ರಜ. ಬೆಳಗಿನ ಸೊಪ್ಪು ಹಾಕಿ ಬಂದ ಅಜ್ಜಿ ನನ್ನನ್ನು ಕೊಟ್ಟಿಗೆಗೆ ಕರೆದಳು. ಹಣೆಗೆ ಬಟ್ಟೆ ಬಿಗಿದು ಕಟ್ಟಿದ್ದಳು. "ತಲೆ ಸಿಡೀತದೆ ಕಣ್ ಮಗ, ತಡ್ಯಕ್ಕಾಗಾಕಿಲ್ಲ. ಸಂಚೀಲಿ ಇದ್ದುದ್ದು ಒಣಗ್ಬುಟ್ಟದೆ. ಶೆಟ್ಟರ ಅಂಗ್ಡಿಗೋಗಿ ಒಂದೇ ಒಂದೆಲೆ ಒಗೆಸೊಪ್ಪು ತಕಂಡು ಬಾ. ಯಾರ್ಗೂ ಏಳ್ಬ್ಯಾಡ." ನಾನು ಓಡಿದೆ. ಎಲೆಯನ್ನು ಲಂಗದ ಮಡಿಕೆಯಲ್ಲಿ ಮುಚ್ಚಿಕೊಂಡು ತಂದುಕೊಟ್ಟೆ. ನನಗೊಂದು ಪೆಪ್ಪರಮೆಂಟು ಸಿಕ್ಕಿತು. ಅಜ್ಜಿ ಹುಲ್ಲಿನ ಮೆದೆಯ ಹಿಂದೆ ಕೂತು, ಎಲೆಯನ್ನು ಅಂಗೈಯಲ್ಲಿ ತಿಕ್ಕಿ, ದವಡೆಗೆ ಇಟ್ಟುಕೊಂಡಳು. ಅವಳ ಹೆಗಲು ಕೆಳಗಿಳಿಯಿತು, ಮುಖದ ಗಂಟು ಬಿಚ್ಚಿತು. ನನ್ನ ಕಡೆ ನೋಡಿ ನಕ್ಕಳು ಕೂಡ. ಅಷ್ಟರಲ್ಲಿ ಒಳಗಿನಿಂದ ಅವ್ವ, "ಅತ್ತೆಮ್ಮ, ಸೊಪ್ಪು ಬಂತು" ಎಂದು ಕೂಗಿದಳು. ಅಜ್ಜಿ ಉಗಿದು, ಬಾಯಿ ಮುಕ್ಕಳಿಸಿ, ದಡಬಡ ಎದ್ದುಹೋದಳು. ಕೈ ತೊಳೆದಳೋ ಇಲ್ಲವೋ ನಾನು ನೋಡಲಿಲ್ಲ. ಪೆಪ್ಪರಮೆಂಟು ಚೀಪುತ್ತಿದ್ದೆ.

ಸಂಜೆಯ ಹೊತ್ತಿಗೆ ಮೂಡಲ ಕಡೆಯ ಹುಳು ಮೇವು ಬಿಟ್ಟಿತ್ತು. ತಲೆಯನ್ನು ಮೇಲೆತ್ತಿ ಅತ್ತಿತ್ತ ತೂಗುತ್ತ, ಬಾಯಿಂದ ಹಸಿರು ನೀರು ಕಾರುತ್ತ, ಮೈ ಗಿಡ್ಡಗಾಗಿ ಮುದುರಿಕೊಳ್ಳುತ್ತಿದ್ದವು. ಮರುದಿನ ಬೆಳಗ್ಗೆ ಅಪ್ಪ ಮತ್ತು ಚಿಕ್ಕಪ್ಪ ತಟ್ಟೆಗಟ್ಟಲೆ ಹುಳುವನ್ನು ತಿಪ್ಪೆಗೆ ಹೊತ್ತು ಹಾಕಿದರು. ಪಡುವಲ ಕಡೆಯವು ಏನೂ ಆಗಿಲ್ಲವೆಂಬಂತೆ ಸೊಪ್ಪು ತಿನ್ನುತ್ತಿದ್ದವು. ಹಿಂದಿನ ದಿನ ಬೆಳಗ್ಗೆ ಗಾಳಿ ಜೋರಾಗಿತ್ತು. ಹೊಲದ ಬಾವಿಯವರೆಗೆ ಹೋಗಲು ಬೇಸರಪಟ್ಟು ಚಿಕ್ಕವ್ವ ಹಿತ್ತಲ ಗೋಡೆಯ ಆಚೆಗೇ ಕಾಫಿ ಬೀಜ ಹುರಿದಿದ್ದಳು. ಆ ಗೋಡೆ ಇದ್ದದ್ದು ಮೂಡಲಿಗೆ, ಹುಳುವಿನ ಕೋಣೆಯ ಕಿಟಕಿಯ ನೇರಕ್ಕೆ. ಅಲ್ಲಿನ್ನೂ ಬೂದಿ ಇತ್ತು. ಅಜ್ಜಿ ಖಾಲಿ ತಟ್ಟೆಗಳ ಮಧ್ಯದಿಂದ ಎದ್ದು ಬಂದು, ಎಲ್ಲರೂ ನಿಂತಿದ್ದ ನಡುಮನೆಯಲ್ಲಿ, ಚಿಕ್ಕವ್ವನ ಮುಖಕ್ಕೆ ಮುಖ ಕೊಟ್ಟು ಕೂಗಿದಳು: "ನಿನ್ ಕಾಪಿ ಒಗೇಲಿ ಸತ್ವು ಕಣಮ್ಮಿ ನನ್ ಉಳ! ಮೂಡ್ಲು ಕಿಟ್ಕಿ ತಾವೇ ಉರ್ದಿದ್ದೀಯ. ಮನೆ ತೊಳ್ಯಕ್ಕೇ ಬಂದೋಳು ನೀನು!"

ಚಿಕ್ಕವ್ವ ಅಜ್ಜಿಗಿಂತ ಒಂದು ಗೇಣು ದೂರದಲ್ಲಿದ್ದಳು. ಏನೋ ಹೇಳಲು ಬಾಯಿ ತೆರೆದಳು. ಅವಳ ಮೂಗಿನ ಹೊಳ್ಳೆ ಒಮ್ಮೆ ಅರಳಿ ನಿಂತದ್ದನ್ನು ನಾನು ಕಂಡೆ. ಅವಳು ಅಜ್ಜಿಯ ಮುಖವನ್ನು ತುಂಬ ಹೊತ್ತು ನೋಡಿ, ತೆರೆದ ಬಾಯನ್ನು ಮುಚ್ಚಿದಳು. "ಆಗ್ಲಿ ಬುಡಿ ಅತ್ತೆಮ್ಮ. ನಂದೇ ತೆಪ್ಪು" ಎಂದಳು. ನಾನು ಹೇಳಬೇಕೆಂದು ಒಂದು ಹೆಜ್ಜೆ ಮುಂದೆ ಬಂದಿದ್ದೆ. ಅಜ್ಜಿ ನನ್ನ ಕಡೆ ತಿರುಗಿದಳು. ಅದು ಹೆದರಿಸುವ ನೋಟವಾಗಿದ್ದರೆ ನಾನು ಹೇಳಿಯೇಬಿಡುತ್ತಿದ್ದೆನೇನೋ, ಹಟಮಾರಿಯಾಗಿದ್ದೆ. ಅದು ಬೇಡುವ ನೋಟ. ಎಲ್ಲರೂ ಹೆದರುತ್ತಿದ್ದ ನಮ್ಮಜ್ಜಿ ಒಂಬತ್ತು ವರ್ಷದ ನನ್ನನ್ನು ಬೇಡುತ್ತಿದ್ದಳು. ನಾನು ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡೆ.

ಒಂದು ತಿಂಗಳು ತವರಿಗೆ ಹೋಗಿ ಬರುತ್ತೇನೆಂದು ಚಿಕ್ಕವ್ವ ಹೊರಟಳು. ಕಾಫಿ ಮಿಲ್ಲನ್ನು ಹಳೆ ಸೀರೆಯಲ್ಲಿ ಕಟ್ಟಿಕೊಂಡಿದ್ದಳು. ಹಟ್ಟಿಯಲ್ಲಿ ನನ್ನನ್ನು ಹತ್ತಿರಕ್ಕೆ ಎಳೆದು ನೆತ್ತಿ ಮೂಸಿ, "ಸೀಗೆಕಾಯಿ ಆಕಿ ತಲೆ ತೊಳ್ಕೊ, ಕರು ನಾತ ನಾರ್ತೀಯ" ಎಂದಳು. ನಾನು ನಗಲಿಲ್ಲ. ತವರಿಗೆ ಹೋದ ಸೊಸೆಯನ್ನು ಅತ್ತೆಮನೆಯವರು ಹೋಗಿ ಕರೆತರಬೇಕು. ತಾನಾಗಿ ಬರುವುದು ನಮ್ಮಲ್ಲಿಲ್ಲ. ಒಂದು ತಿಂಗಳಾಯಿತು, ಎರಡಾಯಿತು, ಯಾರೂ ಕರೆಯಲು ಹೋಗಲಿಲ್ಲ. ಅವಳಿಲ್ಲದ ಮಧ್ಯಾಹ್ನಗಳಲ್ಲಿ ನನಗೆ ಎಲ್ಲಿ ಕೂತರೂ ಸರಿಹೋಗುತ್ತಿರಲಿಲ್ಲ. ಬಾವಿಕಟ್ಟೆಯ ಮೇಲೆ ಒಬ್ಬಳೇ ಕೂತು, ಕಣ್ಣು ಮುಚ್ಚಿ, ಹುಣಿಸೆ ಚಿಗುರನ್ನು ನಾನೇ ನನ್ನ ಮೂಗಿಗೆ ಹಿಡಿದುಕೊಂಡು, ಇದು ಹುಣಿಸೆ ಚಿಗುರು ಎಂದು ನಾನೇ ಹೇಳಿಕೊಂಡು ಎದ್ದುಹೋಗುತ್ತಿದ್ದೆ. ಅಜ್ಜಿಯೂ ಬದಲಾದಳು. ಬೆಳೆ ಮುಗಿದರೂ ಸಂಚಿ ಗೂಟದಿಂದ ಇಳಿಯಲಿಲ್ಲ. ಹಲ್ಲುನೋವು ಎಂದಳು, ಮನೆಯವರು ನಂಬಿದರು. ಅವಳ ಕೈ ಮಾತ್ರ ಸೊಂಟಕ್ಕೆ ಹೋಗಿ ಬರುವುದನ್ನು ಬಿಡಲಿಲ್ಲ.

ಒಂದು ದಿನ ಬೆಳಗ್ಗೆ ಅಜ್ಜಿ ಒಗೆದ ಸೀರೆ ಉಟ್ಟು, ಬುಟ್ಟಿಯಲ್ಲಿ ಅರಿಶಿನ, ಕುಂಕುಮ, ಬಳೆ, ಹುರಿಗಾಳು ಇಟ್ಟುಕೊಂಡು, "ಬಾ ಮಗ, ಯಳಂದೂರ್ಗೆ ಓಗವ" ಎಂದಳು. ಹನೂರಿನವರೆಗೆ ನಾನು ಕುಣಿದುಕೊಂಡೇ ನಡೆದೆ. ಬಸ್ಸು ನಿಲ್ಲುವ ಜಾಗದಲ್ಲಿ ಅಂಗಡಿಯ ಜಗುಲಿಯ ಮೇಲೆ ಕೂತೆವು. ಬಸ್ಸು ಬಂತು, ಕಂಡಕ್ಟರು "ಕೊಳ್ಳೇಗಾಲ, ಕೊಳ್ಳೇಗಾಲ" ಎಂದು ತಗಡು ಬಡಿದ. ಅಜ್ಜಿ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ಹಾಗೇ ನಿಂತಳು. "ಬಸ್ ಅತ್ತಜ್ಜಿ, ಒತ್ತಾಯ್ತದೆ" ಎಂದು ಕಂಡಕ್ಟರು ಅವಸರ ಮಾಡಿದ. ಅವಳು ಕಾಲನ್ನು ಕೆಳಗಿಳಿಸಿ ಬಂದು ಮತ್ತೆ ಜಗುಲಿಯ ಮೇಲೆ ಕೂತಳು. ಎರಡನೆಯ ಬಸ್ಸೂ ಹೋಯಿತು. "ಬೈದಿದ್ರೆ ಓಗಿ ಕರೀಬೌದಾಗಿತ್ತು. ನಂದೇ ತೆಪ್ಪು ಅಂದ್ಬುಟ್ಳಲ್ಲ ಅವ್ಳು. ಈಗ ಏನಂತ ಕರೀಲಿ, ಮಗ?" ಎಂದು ನನ್ನನ್ನು ಕೇಳಿದಳು. ನನಗೇನು ಗೊತ್ತು? ನಿಜ ಹೇಳಿ ಕರಿ ಎನ್ನಲು ನನಗೆ ಬಾಯಿ ಬರಲಿಲ್ಲ. ಅಜ್ಜಿ ಬುಟ್ಟಿಯ ಹುರಿಗಾಳನ್ನೆಲ್ಲ ನನ್ನ ಮಡಿಲಿಗೆ ಸುರಿದಳು. ವಾಪಸು ಬರುವ ದಾರಿಯಲ್ಲಿ ನಾನು ಅವಳಿಗಿಂತ ಮುಂದೆ ಮುಂದೆ, ತಿರುಗಿ ನೋಡದೆ ನಡೆದೆ. ಅವತ್ತು ನನಗೆ ಅಜ್ಜಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನ ಮೇಲೆ ಬರಬೇಕಾದದ್ದೂ ಅದರಲ್ಲಿ ಸೇರಿತ್ತು.

ಚಿಕ್ಕಪ್ಪ ಹೆಂಡತಿಯ ಊರಿಗೇ ಹೋಗಿ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕೆ ಸೇರಿದ. ಮನೆ ಎರಡಾಯಿತು. ಚಿಕ್ಕವ್ವ ಆಮೇಲೆ ನಮ್ಮ ಹೊಸಿಲು ತುಳಿಯಲಿಲ್ಲ. ನನ್ನ ಮದುವೆಗೂ ಬರಲಾಗಲಿಲ್ಲ, ಆಗ ಅವಳು ಬಾಣಂತಿ. ಆದರೆ ಪ್ರತಿ ಯುಗಾದಿಗೆ ಚಿಕ್ಕಪ್ಪ ಬರುವಾಗ ಅವಳು ಅಜ್ಜಿಗೆಂದು ಒಂದು ಕಟ್ಟು ಹೊಗೆಸೊಪ್ಪು ಕಳಿಸುತ್ತಿದ್ದಳು. ಒಳ್ಳೆಯ, ಅಗಲದ, ಜೇನುಬಣ್ಣದ ಎಲೆ. ಅಜ್ಜಿ ಅದನ್ನು ತೆಗೆದುಕೊಂಡು ಕೊಟ್ಟಿಗೆಗೆ ಹೋಗುವಳು. "ಅಲ್ಲುನೋವಂತೆ ಅಲ್ಲುನೋವು, ಕದ್ದು ಆಕ್ಕತ್ತಾರೆ" ಎಂದು ಅವ್ವ ಕಣ್ಣು ಮಿಟುಕಿಸುತ್ತಿದ್ದಳು. ನಾನೂ ಹಾಗೆಯೇ ತಿಳಿದಿದ್ದೆ. ವರ್ಷಗಳು ಹೋದವು. ಹುಳು ಮೇಯಿಸುವುದು ಕಮ್ಮಿಯಾಗಿ ನಿಂತೂ ಹೋಯಿತು, ಆ ಕೋಣೆಯಲ್ಲಿ ಗೊಬ್ಬರದ ಚೀಲ ಇಡತೊಡಗಿದರು. ಎಪ್ಪತ್ತರ ಆಚೀಚೆಯ ಒಂದು ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡಳು. ನಾನು ಗಂಡನ ಊರಿನಿಂದ ಬಂದು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು.

ಹನ್ನೊಂದನೆಯ ದಿನದ ತಿಥಿಗೆ ಚಿಕ್ಕವ್ವ ಬಂದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು, ಕೂತಲ್ಲಿ ಕೂರದ ಗುಣ ಹಾಗೇ ಇತ್ತು. ಬಂದವಳೇ ಬಾಗಿಲಲ್ಲಿ ನಿಂತು ಒಮ್ಮೆ ಮನೆಯನ್ನು ಮೂಸಿದಳು. ಎಡೆ ಇಡುವಾಗ ಹೋದವರಿಗೆ ಇಷ್ಟವಾದದ್ದನ್ನೆಲ್ಲ ಇಡಬೇಕು. ಚಿಕ್ಕವ್ವ ಚೀಲದಿಂದ ಒಂದು ಹೊಗೆಸೊಪ್ಪಿನ ಕಟ್ಟು ತೆಗೆದಳು. "ಅದ್ಯಾಕೆ ಬಿಚ್ಚೀಯ ಮಂಗಳ, ಕೊಟ್ಗೆ ಅಟ್ಟದ ಮ್ಯಾಲೆ ಅತ್ತೆಮ್ಮನ ಮಡಕೆ ಅದೆ, ಅದ್ರಲ್ಲಿ ಉಳಿದಿದ್ರೆ ನೋಡಿ" ಎಂದಳು ಅವ್ವ. ನಾವಿಬ್ಬರೂ ಹೋಗಿ ಮಡಕೆ ಇಳಿಸಿದೆವು. ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಸಗಣಿ ಮೆತ್ತಿ, ಒಂದಿಷ್ಟೂ ವಾಸನೆ ಹೊರಬಾರದಂತೆ ಮುಚ್ಚಿತ್ತು. ಒಡೆದು ನೋಡಿದರೆ ಒಳಗೆ ಕಟ್ಟಿನ ಮೇಲೆ ಕಟ್ಟು. ಎಲ್ಲಕ್ಕೂ ಚಿಕ್ಕವ್ವ ಲೇಸು ಹೆಣೆಯುತ್ತಿದ್ದ ಬಿಳಿ ನೂಲು, ಅವಳದೇ ಗಂಟು. ತಳದವು ಕಪ್ಪಾಗಿ ಪುಡಿಯಾಗುತ್ತಿದ್ದವು. ಒಂದರ ಗಂಟೂ ಬಿಚ್ಚಿರಲಿಲ್ಲ.

ಚಿಕ್ಕವ್ವ ಕೊಟ್ಟಿಗೆಯ ನೆಲದ ಮೇಲೆ ಕೂತು ಒಂದೊಂದನ್ನೂ ಮೂಗಿಗೆ ಹಿಡಿದು ಪಕ್ಕಕ್ಕಿಡುತ್ತ ಹೋದಳು. ಇನ್ನು ತಡೆಯಲಾರದೆ ನಾನು ಹೇಳಿದೆ: "ಚಿಕ್ಕವ್ವ, ಅವತ್ತು ಹುಳ ಸತ್ತದ್ದು ನಿನ್ ಕಾಫಿಯಿಂದ ಅಲ್ಲ. ಅಜ್ಜಿ ಹೊಗೆಸೊಪ್ಪು ತಿಕ್ಕಿದ ಕೈಲೇ ಸೊಪ್ಪು ಹಾಕ್ತು. ತಂದುಕೊಟ್ಟವಳು ನಾನು." ಅವಳು ತಲೆ ಎತ್ತಲಿಲ್ಲ. "ಗೊತ್ತು ಕಣೆ. ಅವ್ರು ಬೈಯ್ವಾಗ್ಲೇ ಬಾಯಿಂದ ಬಂತಲ್ಲ ವಾಸ್ನೆ. ನಿನ್ ಲಂಗ್ದಲ್ಲೂ ಇತ್ತು." ನಾನು ಅವಳ ಪಕ್ಕಕ್ಕೆ ಕೂತೆ. "ಮತ್ತೆ ಯಾಕೆ ಹೇಳಲಿಲ್ಲ?" ಎಂದೆ. "ಏಳಿದ್ರೆ ಭಾವ, ನಿಮ್ ಚಿಕ್ಕಪ್ಪ ಎಲ್ರೂ ಸೇರ್ಕಂಡು ಬುಡಿಸ್ಬುಡೋರು. ಆ ಮನೇಲಿ ಅವ್ರಿಗೆ ಅಂತ ಇದ್ದುದ್ದು ಅದೊಂದೇ ಸುಖ. ನಂಗೆ ಕಾಪಿ ಇದ್ದಂಗೆ. ಆಕ್ಕಳ್ಳಿ ಅಂತ್ಲೇ ಸುಮ್ಕಾದೆ. ವರ್ಸ ವರ್ಸ ಕಳಿಸ್ದುದ್ದೂ ಅದ್ಕೇಯ, ನಂಗೆ ಕ್ವಾಪ ಇಲ್ಲ, ನೀವು ಆಕ್ಕಳಿ ಅಂತ." ಅವಳು ಕೊನೆಯ ಕಟ್ಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಆ ಗಂಟನ್ನೇ ನೋಡಿದಳು. "ಅವ್ರು ಬುಟ್ಟೇ ಬುಟ್ಟವ್ರಲ್ಲೇ" ಎಂದು ಅಳತೊಡಗಿದಳು.

ಆಮೇಲೆ ಮುಖ ತೊಳೆದುಕೊಂಡು, ಒಂದು ಕಟ್ಟನ್ನು ಬಿಚ್ಚಿ, ಮುರಿಯದ ಎಲೆಯೊಂದನ್ನು ಆರಿಸಿ ವೀಳ್ಯದ ಜೊತೆ ಎಡೆಯಲ್ಲಿಟ್ಟಳು. ಅದರ ಪಕ್ಕಕ್ಕೆ ಅರ್ಧ ಲೋಟ ಕಾಫಿ. ನಾವಿಬ್ಬರೂ ಕೈಮುಗಿದು ನಿಂತಿದ್ದಾಗ ಅಡುಗೆಮನೆಯಲ್ಲಿ ಯಾರೋ ಸಾರಿಗೆ ಒಗ್ಗರಣೆ ಹಾಕಿದರು. ಸಾಸಿವೆ ಸಿಡಿದ ಸದ್ದಿಗೆ ಚಿಕ್ಕವ್ವ ಮತ್ತು ನಾನು ಒಟ್ಟಿಗೇ ಬೆಚ್ಚಿ, ತಿರುಗಿ, ಹುಳುವಿನ ಕೋಣೆಯ ಬಾಗಿಲನ್ನು ನೋಡಿದೆವು. ಯಾರೂ ಗದರಲಿಲ್ಲ.